ನೆರಳಿಲ್ಲದ ದಿನದ ಚರಗ

ತೊರಗಲ್ ಕೋಟೆಯನ್ನು ಬೆನ್ನಿಗೆ ಹಾಕಿಕೊಂಡು ಮೂಡಣಕ್ಕೆ ನಡೆದರೆ, ಡಾಂಬರು ಮುಗಿದು ಎರೆಮಣ್ಣಿನ ದಾರಿ ಶುರುವಾಗುವಲ್ಲಿ ಅಂಚಿನಾಳ ಸಿಗುತ್ತದೆ. ರಾಮದುರ್ಗದ ಬಸ್ಸು ಅಲ್ಲೇ ತಿರುಗಿಕೊಳ್ಳುತ್ತದೆ. ಮುಂದೆ ಹೋಗಲು ಊರಿಲ್ಲ. ಮುಂದೆ ಇರುವುದು ಬಿಳಿಸೀಮೆ.

ಬಿಳಿಸೀಮೆಯನ್ನು ನೋಡದವರಿಗೆ ಅದು ಹೀಗಿದೆ ಎಂದು ಹೇಳುವುದು ಕಷ್ಟ. ಮರಳಲ್ಲ, ಮಂಜಲ್ಲ, ಸುಣ್ಣವೂ ಅಲ್ಲ. ಬರೀ ಬೆಳಕು, ನೆಲಕ್ಕೆ ಅಂಟಿಕೊಂಡು ನಿಂತ ಬೆಳಕು. ಅದರೊಳಗೆ ಯಾವುದಕ್ಕೂ ನೆರಳಿಲ್ಲ, ಯಾವುದಕ್ಕೂ ಸದ್ದಿಲ್ಲ. ಅದಕ್ಕೆ ಸಿಕ್ಕ ಗೋಡೆ ಮೊದಲು ಬೆಳ್ಳಗಾಗುತ್ತದೆ, ಆಮೇಲೆ ಹಿಟ್ಟಾಗಿ ಉದುರುತ್ತದೆ. ಒಳಗೆ ಹೋದ ಮನುಷ್ಯ ಹೊರಗೆ ಬಂದದ್ದನ್ನು ಯಾರೂ ಕಂಡಿಲ್ಲ. ಉಳಿದ ದಿನಗಳಲ್ಲಿ ಅದು ಗೂಟಕ್ಕೆ ಕಟ್ಟಿದ ಎಮ್ಮೆಯ ಹಾಗೆ ಬಿದ್ದಲ್ಲೇ ಬಿದ್ದಿರುತ್ತದೆ. ಆದರೆ ವರ್ಷಕ್ಕೆ ಎರಡು ಸಲ ಸೂರ್ಯ ನೆತ್ತಿಗೆ ಸರಿಯಾಗಿ ಬಂದು, ಮಟಮಟ ಮಧ್ಯಾಹ್ನ ಊರಬಾಗಿಲಾದ ಅಗಸಿಯ ಕಂಬದ ನೆರಳು ಕಂಬದ ಬುಡದೊಳಗೇ ಹೋಗಿಬಿಡುತ್ತದಲ್ಲ, ಆ ದಿನ ಅದು ಎದ್ದು ನಡೆಯುತ್ತದೆ. ಸವದತ್ತಿ, ಬೈಲಹೊಂಗಲದ ಮಂದಿಯ ಮೊಬೈಲಿಗೆ ಆ ದಿನ ಒಂದು ಸಂದೇಶ ಬರುತ್ತದೆ, ಓದಿ ಅಳಿಸುತ್ತಾರೆ. ಅಂಚಿನಾಳದವರಿಗೆ ಹಾಗಲ್ಲ. ಅಂಚಿನಾಳ ನಿಂತರೆ ಅದರ ಹಿಂದಿನ ಊರುಗಳು ನಿಂತಾವು.

ಬಿಳಿಯನ್ನು ತಡೆಯುವುದು ಚರಗ. ಬೇರೆ ಊರುಗಳಲ್ಲಿ ಚರಗ ಚೆಲ್ಲುವುದು ಪೈರಿಗೆ, ಬಸುರಿ ಭೂಮಿತಾಯಿಯ ಬಯಕೆಗೆ. ಇಲ್ಲಿ ಸೀಮೆಗೆ. ನೆರಳಿಲ್ಲದ ದಿನ ಬೆಳಿಗ್ಗೆ ಊರಿನ ಪ್ರತಿ ಒಲೆಯಿಂದ ಬೇಯಿಸಿದ ಜೋಳದ ಬಾನ ಒಂದು ಹಿಡಿ ಬುಟ್ಟಿಗೆ ಬೀಳಬೇಕು. ಮನೆಗೊಂದು ಹಿಡಿಯಲ್ಲ, ಒಲೆಗೊಂದು. ಎಲ್ಲ ಕಲಸಿ, ಒಬ್ಬ ಹೆಂಗಸು ತಲೆಯ ಮೇಲೆ ಹೊತ್ತು, ಚೆಲ್ಲುತ್ತ, ಪದ ಹೇಳುತ್ತ ಊರು ಸುತ್ತಬೇಕು. ಚೆಲ್ಲಿದ ಗೆರೆಯಲ್ಲಿ ಬಿಳಿ ನಿಲ್ಲುತ್ತದೆ. ಯಾವ ಒಲೆಯ ಹಿಡಿ ತಪ್ಪಿತೋ ಆ ಒಲೆಯ ಹಿಂದೆ ಗೆರೆ ಹಿಡಿಯುವುದಿಲ್ಲ. ಮತ್ತು ಬುಟ್ಟಿ ಹೊರುವವಳು ಒಡೆಯದ ಒಲೆಯವಳಾಗಿರಬೇಕು. ಮಕ್ಕಳು ಸೊಸೆಯರು ಎಷ್ಟೇ ಇರಲಿ, ಎಲ್ಲರೂ ಒಂದೇ ಬೆಂಕಿಯಲ್ಲಿ ಬೆಂದದ್ದನ್ನು ಉಣ್ಣುವ ಮನೆ ಅವಳದಾಗಿರಬೇಕು.

ಹಳೆಯ ಅಂಚಿನಾಳದಲ್ಲಿ ಒಂದು ವರ್ಷ ನೆರಳಿಲ್ಲದ ದಿನವೇ ಬೈಲಹೊಂಗಲದಲ್ಲಿ ದೊಡ್ಡದೊಂದು ಮದುವೆ ಬಂತು. ಸಂಜೆ ಬಂದು ಚೆಲ್ಲಿದರಾಯಿತು ಎಂದು ಅರ್ಧ ಊರು ಟೆಂಪೋ ಹತ್ತಿತು. ಮಧ್ಯಾಹ್ನ ಬಿಳಿ ಬಂತು. ಊರಲ್ಲಿ ಉಳಿದಿದ್ದವರು ಓಡಿದರು. ಮಹಾದೇವ ಎಂಬವನು ಮಾತ್ರ ಎತ್ತುಗಳ ಕಣ್ಣಿ ಬಿಚ್ಚುತ್ತೇನೆಂದು ತಿರುಗಿ ಹೋದ. ಅವನ ಹೆಂಡತಿ ಶೆಟ್ಟೆವ್ವ ಆ ಹೊತ್ತಿನಲ್ಲಿ ಮದುವೆ ಮನೆಯ ಪಂಕ್ತಿಯಲ್ಲಿ ಕುಳಿತು ಹೋಳಿಗೆ ಮುರಿಯುತ್ತಿದ್ದಳು.

ಅಲ್ಲಿಂದ ಈಚೆಗೆ ಶೆಟ್ಟೆವ್ವ ಹೋಳಿಗೆ ಮುಟ್ಟಿಲ್ಲ. ಊರಿನವರೆಲ್ಲ ಸಂಪಗಾಂವದ ತಗಡಿನ ಶೆಡ್ಡುಗಳಲ್ಲಿ ವರ್ಷಗಟ್ಟಲೆ ಬಿದ್ದುಕೊಂಡು, ಹಳೆಯ ಊರಿನ ಈಚೆಗೆ ಹೊಸ ಅಂಚಿನಾಳ ಕಟ್ಟಿದರು. ಮನೆಗಳು ರೇಶನ್ ಕಾರ್ಡಿಗೆ ಒಂದು ಎಂದು ಸರಕಾರ ಹೇಳಿದಾಗ ಅಣ್ಣತಮ್ಮಂದಿರು ಬೇರೆ ಬೇರೆ ಕಾರ್ಡು ಮಾಡಿಸಿದರು. ಕಾಗದದಲ್ಲಿ ಬೇರೆಯಾದವರು ಹೊಸ ಮನೆಗೆ ಬಂದ ಮೇಲೆ ಒಲೆಯಲ್ಲೂ ಬೇರೆಯಾದರು. ಶೆಟ್ಟೆವ್ವ ಒಪ್ಪಲಿಲ್ಲ. ದೊಡ್ಡ ಮಗ ವಿರೂಪಾಕ್ಷ, ಚಿಕ್ಕ ಮಗ ಅರ್ಜುನ, ಇಬ್ಬರೂ ಒಂದೇ ಕಾರ್ಡು, ಒಂದೇ ಸೂರು. ಹೊಸ ಊರಿನ ಮೊದಲ ಚರಗದ ಬುಟ್ಟಿ ತನ್ನ ತಲೆಯ ಮೇಲೆಯೇ ಹೋಗಬೇಕು, ಈ ಸಲ ಒಂದು ಗೇಣೂ ನೆಲ ಬಿಡಬಾರದು ಎಂದು ಅವಳು ದೇವರ ಮುಂದೆ ಹರಕೆ ಹೊತ್ತಿದ್ದಳು. ಹಿರಿಯರು ಒಪ್ಪಿದರು. ರೂಢಿಯಂತೆ ಅವಳು ಅದಕ್ಕೂ ಮುಂಚೆ ಮನೆ ಬಿಟ್ಟು ಮುರಗೋಡದ ಮಠದಲ್ಲಿ ಕೆಲವು ದಿನ ಒಪ್ಪತ್ತು ಉಂಡು ಇದ್ದಳು. ಅಲ್ಲಿ ಪುರಾಣ ಕೇಳುತ್ತ, ಕೈಯಲ್ಲಿ ತಾಳ ಹಾಕುತ್ತ, ಚರಗದ ಪದವನ್ನು ಮನಸ್ಸಿನಲ್ಲೇ ಮತ್ತೆ ಮತ್ತೆ ತಿದ್ದಿಕೊಂಡಳು. ನೆರಳಿಲ್ಲದ ದಿನದ ಬೆಳಿಗ್ಗೆ ಮೊದಲ ಬಸ್ಸಿಗೆ ಬಂದಿಳಿದಳು.

ಹೊತ್ತೇರುವ ಮುಂಚೆಯೇ ಮನೆ ಮನೆ ತಿರುಗಿ ಹಿಡಿ ಎತ್ತಿದಳು. ತನ್ನ ಮನೆಯ ಬಾಗಿಲಲ್ಲಿ ದೊಡ್ಡ ಸೊಸೆ ಯಶೋಧಾ ಬಾನ ಹಾಕಿ ಕಾಲಿಗೆ ಬಿದ್ದಳು. ಅದೇಕೋ ಹಿಡಿ ಸ್ವಲ್ಪ ಜಾಸ್ತಿಯೇ ಇತ್ತು. ಚಿಕ್ಕ ಸೊಸೆ ಪೂನಮ್ ಬಾಗಿಲ ಹಿಂದೆ ನಿಂತಿದ್ದಳು, ಮುಂದೆ ಬರಲಿಲ್ಲ. ಶೆಟ್ಟೆವ್ವನಿಗೆ ಕೇಳಲು ಹೊತ್ತಿರಲಿಲ್ಲ.

ಊರ ಹಿರಿಯ ಮಡಿವಾಳೆಪ್ಪ ಗಂಟೆ ಬಾರಿಸುತ್ತ ಮುಂದೆ ನಡೆದ. ಶೆಟ್ಟೆವ್ವ ತಲೆಯ ಮೇಲೆ ಸೀರೆಯ ಸಿಂಬಿ, ಸಿಂಬಿಯ ಮೇಲೆ ಬುಟ್ಟಿ ಇಟ್ಟುಕೊಂಡು ಹೆಜ್ಜೆಗೊಂದು ಹಿಡಿ ಚೆಲ್ಲಿದಳು.

ಉಂಡ ಒಲಿ ಸಾಕ್ಷಿ, ಉಣಿಸಿದ ಕೈ ಸಾಕ್ಷಿ,
ಬೆಳಕೇ ನೀ ಅಲ್ಲೇ ಇರು, ನೆರಳೇ ನೀ ಇಲ್ಲೇ ಇರು,
ಹಿಡಿಯೊಳಗ ಊರೈತಿ, ಊರೊಳಗ ಹಿಡಿಯೈತಿ,
ಕರಿಮಣ್ಣ ತಾಯೇ, ಕದವ ಹಾಕೇ.

ಸುತ್ತು ಮುಗಿದು ಅಗಸಿಗೆ ಬಂದಾಗ ಕಂಬದ ನೆರಳು ಇನ್ನೂ ಮೊಳದುದ್ದವಿತ್ತು. ಹೊರಗೆ ದೂರದಲ್ಲಿ ಬಿಳಿ ಆಗಲೇ ಎದ್ದಿತ್ತು. ಹೊಲಗಳ ಮೇಲೆ ಹಾಲು ಚೆಲ್ಲಿದ ಹಾಗೆ ಹರಿದುಬಂದು, ಗೆರೆಯ ಹತ್ತಿರ ಬಂದು ನಿಂತಿತು. ಮಂದಿ ಉಸಿರು ಬಿಟ್ಟರು. ಯಾರೋ ಶೆಟ್ಟೆವ್ವನಿಗೆ ಒಂದು ತಂಬಿಗೆ ನೀರು ಕೊಟ್ಟರು. ಅವಳು ಇನ್ನೂ ತುಟಿಗೆ ಹಚ್ಚಿರಲಿಲ್ಲ, ಊರಿನ ಕೊನೆಯ ಸಾಲಿನಿಂದ ಕಾಡಪ್ಪನ ದನಿ ಬಂತು.

"ಅಜ್ಜಾರ, ಇಲ್ಲಿ ಬರ್ರಿ. ಈ ಕೋಳಿ ನೋಡ್ರಿ."

ಕಾಡಪ್ಪ ಊರಿನಲ್ಲಿ ಎಲ್ಲರಿಗಿಂತ ಮೊದಲು ನೋಡುವವನು, ಎಲ್ಲರಿಗಿಂತ ಮೊದಲು ಹೇಳುವವನು. ಎರಡು ಮನೆಗಳ ಹಿತ್ತಿಲುಗಳ ನಡುವೆ ಒಂದು ಹೇಂಟೆ ಕೆದರುತ್ತಿತ್ತು. ಅದರ ನೆರಳು ನೀರು ಬೆರೆಸಿದ ಮಜ್ಜಿಗೆಯ ಹಾಗೆ ತೆಳ್ಳಗಾಗಿತ್ತು. ನೋಡುತ್ತ ನೋಡುತ್ತಲೇ ಅಳಿಸಿಹೋಯಿತು. ಕೋಳಿ ಬಾಯಿ ತೆರೆಯಿತು, ದನಿ ಬರಲಿಲ್ಲ. ಅದರ ಆಚೆ, ಚೆಲ್ಲಿದ ಬಾನದ ಮೇಲೆಯೇ, ಬಿಳಿ ಒಂದು ನಾಲಗೆಯ ಹಾಗೆ ಒಳಗೆ ಚಾಚಿಕೊಂಡಿತ್ತು.

"ಒಂದು ಒಲಿ ತಪ್ಪೈತಿ," ಎಂದ ಮಡಿವಾಳೆಪ್ಪ. "ಇಲ್ಲೇ, ಈ ಕಡಿ ಸಾಲಿನಾಗ."

ಆ ಹಿತ್ತಿಲುಗಳು ಎರಡೇ ಮನೆಯವು. ಒಂದು ಶೆಟ್ಟೆವ್ವನದು. ಇನ್ನೊಂದು ಟ್ರ್ಯಾಕ್ಟರ್ ಓಡಿಸುವ ಮಲ್ಲಿಕಸಾಬನದು. ಮಂದಿಯ ಕಣ್ಣು ಶೆಟ್ಟೆವ್ವನ ಮನೆಯ ಮೇಲೆ ಒಂದು ಗಳಿಗೆಯೂ ನಿಲ್ಲಲಿಲ್ಲ. ಬುಟ್ಟಿ ಹೊತ್ತವಳ ಮನೆ ಅದು.

"ನಾ ಮೊದಲ ಅಂದಿದ್ದಿಲ್ಲೇನು?" ಎಂದ ಕಾಡಪ್ಪ. "ಶೆಡ್ಡಿನಿಂದ ನಿನ್ನಿ ಸಂಜೀಕ ಬಂದು ಇಳಕೊಂಡ ಮಂದಿ ಇವರು. ಮೂರು ಜನ ಗಂಡಮಕ್ಕಳು, ಮೂರು ಸೊಸ್ತೇರು. ಒಳಗ ಎಷ್ಟು ಒಲಿ ಹೂಡ್ಯಾರೋ ಯಾರಿಗೆ ಗೊತ್ತು."

ಮಲ್ಲಿಕಸಾಬನ ಹೆಂಡತಿ ಜೈಬುನ್ನಿಸಾ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. ಶೆಟ್ಟೆವ್ವನ ಓರಗೆಯವಳು. ಹಳೆಯ ಊರಲ್ಲಿ ಇಬ್ಬರೂ ಒಂದೇ ಬಾವಿಯ ನೀರು ಸೇದಿದವರು.

"ಕಾಡಪ್ಪಣ್ಣ, ಬಂದು ಎಣಿಸ್ರೆಲ್ಲ. ನಿಮ್ಮ ಮನ್ಯಾಗ ಅಣ್ಣಂದೊಂದು, ತಮ್ಮಂದೊಂದು, ನಿಮ್ಮ ಅವ್ವಂದೊಂದು. ಎಣಿಸಾಕ ನಿಮಗ ಚಲೋ ರೂಢಿ ಐತಿ."

ಯಾರೋ ನಕ್ಕರು. ನಗು ಬೇಗ ಆರಿತು.

"ಗಂಡಸರು ಒಲಿಮಟಾ ಹೋಗೂ ಹಂಗಿಲ್ಲ," ಎಂದ ಮಡಿವಾಳೆಪ್ಪ. "ಶೆಟ್ಟೆವ್ವ, ಬುಟ್ಟಿ ಹೊತ್ತಾಕಿಗೆ ಹಕ್ಕೈತಿ. ನೀನ ಹೋಗಿ ನೋಡವಾ. ಜಲ್ದಿ."

ಶೆಟ್ಟೆವ್ವ ಜೈಬುನ್ನಿಸಾಳ ಹಿಂದೆ ಒಳಗೆ ಹೋದಳು. ಅಡುಗೆಮನೆಯಲ್ಲಿ ಒಂದೇ ಒಲೆ. ಅದರ ಮೇಲೆ ಮದುವೆಗೆ ಸಾಲುವಂಥ ದೊಡ್ಡ ಡಬರಿ. ಮೂವರು ಸೊಸೆಯರು ಗೋಡೆಗೆ ಆತು ನಿಂತಿದ್ದರು. ನಡುವಿನವಳ ಮುಖ ಅತ್ತಂತಿತ್ತು. ಮೂಲೆಯಲ್ಲಿ, ಹಾಸಿಗೆಯ ಹಿಂದೆ, ಕಟ್ಟಿಗೆಯ ಕೆಳಗೆ, ಬಚ್ಚಲಲ್ಲಿ, ಎಲ್ಲೂ ಇನ್ನೊಂದು ಬೂದಿಯಿಲ್ಲ.

"ಬ್ಯಾರೆ ಮಾಡ್ರಿ ಅಂತ ಮೂವರೂ ನನ್ನ ಜೀವಾ ತಿಂತಾರ," ಎಂದಳು ಜೈಬುನ್ನಿಸಾ ಸಣ್ಣ ದನಿಯಲ್ಲಿ. "ನಾ ಸಾಯೂಮಟಾ ಆಗೂದಿಲ್ಲ ಅಂದೇನಿ. ಹಿಡಿ ಖರೇನ ಕೊಟ್ಟೇನಿ ಅಕ್ಕಾ. ನಿನ್ನ ಕೈಯಾಗ ನಾನ ಹಾಕಿದ್ದಲ್ಲ?"

"ಹೌದವಾ. ನೀನ ಹಾಕಿದ್ದಿ."

"ಮತ್ತ ಯಾರದು ತಪ್ಪಿದ್ದು?"

ಹಿತ್ತಿಲ ಬಾಗಿಲಿನಿಂದ ಹೊರಗೆ ಬಂದ ಶೆಟ್ಟೆವ್ವನಿಗೆ ಮೊದಲು ಕಂಡದ್ದು ಬಿಳಿಯ ನಾಲಗೆ ಯಾವ ಕಡೆಗೆ ಬಾಗಿದೆ ಎಂಬುದು. ಅದು ಜೈಬುನ್ನಿಸಾಳ ಬಾಗಿಲಿನತ್ತ ಬರುತ್ತಿರಲಿಲ್ಲ. ಬಟ್ಟೆ ಒಗೆಯುವ ಕಲ್ಲನ್ನು ಸುತ್ತುಹಾಕಿ ಪಕ್ಕದ ಹಿತ್ತಿಲಿನತ್ತ ಹೊರಳಿತ್ತು. ಆಮೇಲೆ ಮೂಗಿಗೆ ವಾಸನೆ ಬಂತು. ಪುಂಡಿಪಲ್ಯಕ್ಕೆ ಬೆಳ್ಳುಳ್ಳಿ ಒಗ್ಗರಣೆ. ಅವಳದೇ ಹಿತ್ತಿಲಿನಿಂದ.

ಕಟ್ಟಿಗೆ ಇಡಲೆಂದು ಅರ್ಜುನ ಅಲ್ಲಿ ಒಂದು ತಗಡಿನ ಗೂಡು ಹಾಕಿದ್ದ. ಶೆಟ್ಟೆವ್ವ ಅದರ ಚೀಲದ ಪರದೆ ಸರಿಸಿದಳು. ಇಟ್ಟಿಗೆ ಜೋಡಿಸಿದ ಒಲೆ. ರೊಟ್ಟಿಯ ಹಂಚು. ಒಂದು ಪುಟ್ಟ ಬೋಗುಣಿ. ಪೂನಮ್ ಮೊಣಕಾಲ ಮೇಲೆ ಗಲ್ಲ ಇಟ್ಟುಕೊಂಡು ಕುಳಿತಿದ್ದಳು. ಅತ್ತೆಯನ್ನು ನೋಡಿ ಎದ್ದು ನಿಂತಳು. ಹೆದರಿದ ಹಾಗೆ ಕಾಣಲಿಲ್ಲ. ಬಹಳ ಹೊತ್ತಿನಿಂದ ಕಾಯುತ್ತಿದ್ದವಳ ಹಾಗೆ ಕಂಡಳು.

"ಎಂದಿನಿಂದ?" ಎಂದಳು ಶೆಟ್ಟೆವ್ವ.

"ನೀವು ಮಠಕ್ಕ ಹೋದ ಮರುದಿನದಿಂದ."

ಹಿಂದೆಯೇ ವಿರೂಪಾಕ್ಷ, ಅರ್ಜುನ, ಯಶೋಧಾ ಬಂದರು. ಮುಖಗಳನ್ನು ನೋಡಿದರೆ ಸಾಕಿತ್ತು. ಎಲ್ಲರಿಗೂ ಗೊತ್ತಿತ್ತು. ತನಗೊಬ್ಬಳಿಗೆ ಗೊತ್ತಿರಲಿಲ್ಲ.

"ನಿನಗ ಹೇಳಬಾರದು ಅಂತ ನಾನ ಅಂದಿದ್ದೆ ಯವ್ವಾ," ಎಂದ ವಿರೂಪಾಕ್ಷ. "ನಿನ್ನ ಹರಕಿ ಮುಗೀಲಿ, ಆಮ್ಯಾಲೆ ಕುಂತು ಬಗಿಹರಿಸಿದರಾತು ಅಂತ. ಒಲಿ ಒಡದೈತಿ ಅಂದರ ನಿನಗ ಬುಟ್ಟಿ ಹೊರಾಕ ಬಿಡತಿದ್ದಿಲ್ಲ. ಯಶೋಧಾ ಎರಡು ಹಿಡಿಯಷ್ಟು ಹಾಕ್ಯಾಳ, ಸರಿ ಹೋಗತೈತಿ ಅಂದಕೊಂಡಿದ್ವಿ."

"ಎರಡು ಹಿಡಿ ಹಾಕಿದರ ಎರಡು ಬೆಂಕಿ ಆಗತಾವೇನೋ ಹುಚ್ಚಪ್ಪಾ?"

ಜಗಳ ಏನು ಎಂದು ಶೆಟ್ಟೆವ್ವ ಕೇಳಲಿಲ್ಲ, ಆದರೂ ಯಶೋಧಾ ಅಳುತ್ತ ಹೇಳಿದಳು. ಹೊಸ ಮನೆಯಲ್ಲಿ ಹಾಲುಕ್ಕಿಸಿದ ದಿನ, ಶೆಟ್ಟೆವ್ವ ಮಠದ ಬಸ್ಸು ಹತ್ತಿದ ಮೇಲೆ, ಪೂನಮ್‌ಳ ತಾಯಿ ಕಿತ್ತೂರಿನಿಂದ ಬಂದಿದ್ದಳು. ಪಾತ್ರೆ, ಸೀರೆ ಎಲ್ಲ ತಂದಿದ್ದಳು. ಅವಳ ಎದುರಿಗೆ ಯಶೋಧಾ ಚೇಷ್ಟೆಗೆಂದು, ನಿಮ್ಮ ಮಗಳಿಗೆ ಉಣ್ಣೂದಷ್ಟ ಗೊತ್ತು, ಒಲಿ ಯಾವ ಕಡಿ ಐತಿ ಅಂತ ಇನ್ನೂ ಗೊತ್ತಿಲ್ಲ ಅಂದಳು. ತಾಯಿ ಎಲೆಯ ಮುಂದಿನಿಂದ ಎದ್ದು, ಉಣ್ಣದೆ ಬಸ್ಸು ಹತ್ತಿದಳು.

"ಚೇಷ್ಟಿಗೆ ಅಂದೆ ಅತ್ತಿ. ಆಣಿ ಮಾಡತೇನಿ."

"ನಮ್ಮವ್ವ ಉಪವಾಸ ಹ್ವಾದಳು," ಎಂದಳು ಪೂನಮ್.

ಹೊರಗೆ ಮಂದಿಯ ಗದ್ದಲ ಏರುತ್ತಿತ್ತು. ಕಾಡಪ್ಪ ಮಲ್ಲಿಕಸಾಬನಿಗೆ ಮನೆ ಖಾಲಿ ಮಾಡು ಎನ್ನುತ್ತಿದ್ದದ್ದು ಕೇಳಿಸುತ್ತಿತ್ತು. ಆ ಮನೆ ಊರ ಹೊರಗಾದರೆ ಗೆರೆಯನ್ನು ಅದರ ಈಚೆಗೆ ಎಳೆಯಬಹುದು ಎಂಬುದು ಅವನ ಲೆಕ್ಕ. ಕೆಲವರು ಹೌದೆನ್ನುತ್ತಿದ್ದರು.

ಶೆಟ್ಟೆವ್ವ ಒಲೆಯ ಮುಂದೆ ನಿಂತಳು. ಇನ್ನೊಂದು ದಾರಿ ಅವಳ ಮನಸ್ಸಿಗೆ ಬಂತು. ಬರಬಾರದಿತ್ತು, ಬಂತು. ಈ ಒಲೆ ಆರಿದರೆ ಉಳಿಯುವುದು ಒಂದೇ ಒಲೆ. ಅದರ ಹಿಡಿ ಬುಟ್ಟಿಗೆ ಬಿದ್ದಿದೆ. ಯಾರಿಗೂ ಗೊತ್ತಾಗುವುದಿಲ್ಲ. ಮನೆ ಒಂದಾಗಿಯೇ ಇರುತ್ತದೆ, ಹರಕೆಯೂ ಇರುತ್ತದೆ.

"ನೀರು ಹಾಕು," ಎಂದಳು.

ಅರ್ಜುನ ಹೆಂಡತಿಯ ಮುಖ ನೋಡಿದ. ಪೂನಮ್ ತಾನೇ ಕೊಡದಿಂದ ನೀರು ತುಂಬಿದ ಚರಿಗೆ ಎತ್ತಿ ಅತ್ತೆಯ ಕೈಗೆ ಕೊಟ್ಟಳು.

"ಆರಸ್ರಿ ಅತ್ತಿ. ನಾ ಅಡ್ಡ ಬರೂದಿಲ್ಲ. ಆದರ ಆ ಒಲಿ ರೊಟ್ಟಿ ಇವತ್ತೂ ನನ್ನ ಗಂಟಲಾಗ ಇಳಿಯೂದಿಲ್ಲ, ನಾಳೀಕೂ ಇಳಿಯೂದಿಲ್ಲ. ಸಂಜೀಕ ಮತ್ತ ಹಚ್ಚತೇನಿ. ನಿಮಗ ಸುಳ್ಳ ಹೇಳಿ ಸಾಕಾಗೇತಿ ನನಗ."

ಶೆಟ್ಟೆವ್ವ ನೀರು ಸುರಿದಳು. ಒಲೆ ಚರ್ರೆಂದು ಹೊಗೆ ಬಿಟ್ಟಿತು. ಅವಳು ಪರದೆ ಸರಿಸಿ ಹೊರಗೆ ನೋಡಿದಳು. ಬಿಳಿ ನಿಂತಿರಲಿಲ್ಲ. ಬಟ್ಟೆ ಒಗೆಯುವ ಕಲ್ಲು ಈಗ ಅದರೊಳಗಿತ್ತು. ಕಲ್ಲಿನ ಅಂಚು ಹಿಟ್ಟಿನ ಹಾಗೆ ಉದುರುತ್ತಿತ್ತು, ಉದುರುವುದು ಕೇಳಿಸುತ್ತಿರಲಿಲ್ಲ. ನೀರಿಗೆ ಆರುವ ಒಲೆ ಇದಲ್ಲ ಎಂದು ಅವಳಿಗೆ ಅರಿವಾಯಿತು. ಮುನಿದವಳು ಬೇರೆ ಕುಳಿತು ಉಂಡ ಮೊದಲ ತುತ್ತಿಗೇ ಅದು ಹೂಡಿ ಆಗಿತ್ತು.

"ಬಾನ ಮಾಡಿಯೇನು?" ಎಂದು ಚಿಕ್ಕ ಸೊಸೆಯನ್ನು ಕೇಳಿದಳು.

ಪೂನಮ್ ಬೋಗುಣಿಯ ಮುಚ್ಚಳ ತೆಗೆದಳು. ಬೆಳಿಗ್ಗೆಯೇ ಮಾಡಿಟ್ಟಿದ್ದಳು. ಕೊಡಲು ಯಾರೂ ಬಿಟ್ಟಿರಲಿಲ್ಲ.

"ಯವ್ವಾ, ಬ್ಯಾಡ," ವಿರೂಪಾಕ್ಷ ಅಡ್ಡ ಬಂದ. "ಊರ ಮುಂದ ಮನಿ ಒಡದೈತಿ ಅಂತ ಹೇಳಿದರ ಮತ್ತ ಕೂಡಸಾಕ ಆಗೂದಿಲ್ಲ. ಅಪ್ಪನ ಮನಿ ಇದು."

"ಅಪ್ಪನ ಮನಿ ಆ ಬೆಳಕಿನ್ಯಾಗ ಐತಪಾ. ಇದು ಇಟ್ಟಂಗಿ ಮನಿ. ಸರಿ ಆಕಡೆ."

ಅಗಸಿಯ ಹತ್ತಿರ ಮಂದಿ ಎರಡು ಭಾಗವಾಗಿ ನಿಂತಿದ್ದರು. ಕಂಬದ ನೆರಳು ಬೊಗಸೆಯಷ್ಟು ಉಳಿದಿತ್ತು. ಶೆಟ್ಟೆವ್ವ ಎಲ್ಲರ ನಡುವೆ ಹೋಗಿ, ತಲೆಯ ಮೇಲಿನ ಸಿಂಬಿಯನ್ನು ತೆಗೆದು ಮಡಿವಾಳೆಪ್ಪನ ಮುಂದೆ ಇಟ್ಟಳು.

"ತಪ್ಪಿದ ಒಲಿ ನಮ್ಮ ಮನೀದು. ನನ್ನ ಸಣ್ಣ ಮಗ ಬ್ಯಾರೆ ಉಣ್ಣಾಕತ್ತಾನ. ಹಿಡಿ ತಂದೇನಿ. ಆದರ ಇನ್ನ ನಾ ಹೊರೂ ಹಂಗಿಲ್ಲ."

ವಿರೂಪಾಕ್ಷ ಬೆನ್ನು ತಿರುಗಿಸಿ ನಿಂತ. ಮಡಿವಾಳೆಪ್ಪ ಸಿಂಬಿಯನ್ನು ಕೈಯಲ್ಲಿ ಹಿಡಿದು ಸುತ್ತ ನೋಡಿದ.

"ಒಡೆಯದ ಒಲಿ ಯಾರದೈತಿ? ಮುಂದ ಬರ್ರಿ."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಕಾರ್ಡಿಗೊಂದು ಮನೆ, ಮನೆಗೊಂದು ಒಲೆ, ಎಲ್ಲರೂ ಒಡೆದುಕೊಂಡವರೇ.

"ಅಜ್ಜಾರ, ನಿಮ್ಮ ಮನೀದು?" ಎಂದರು ಯಾರೋ.

"ನನ್ನ ಮಕ್ಕಳು ಸಂಪಗಾಂವದಾಗಿದ್ದಾಗ ಬ್ಯಾರೆ ಆದರು," ಎಂದ ಮಡಿವಾಳೆಪ್ಪ. "ನನಗ ಒಂದೊಂದು ತಿಂಗಳು ಒಂದೊಂದು ಕಡಿ ರೊಟ್ಟಿ."

"ನಮ್ಮದೈತಿ," ಎಂದಳು ಜೈಬುನ್ನಿಸಾ.

ಕಾಡಪ್ಪ ಬಾಯಿ ತೆರೆದ. ಮಡಿವಾಳೆಪ್ಪ ಅವನತ್ತ ಗಂಟೆಯನ್ನು ಎತ್ತಿ ತೋರಿಸಿದ. "ಏನಾರ ಅನ್ನೂದಿದ್ದರ ನಾಳೀಕ ಅನ್ನು ಕಾಡಪ್ಪ. ನಾಳಿ ಅನ್ನೂದೊಂದು ಇದ್ದರ."

"ನನಗ ಪದಾ ಪೂರಾ ಬರೂದಿಲ್ಲ," ಎಂದಳು ಜೈಬುನ್ನಿಸಾ, ಸಿಂಬಿಯನ್ನು ತಲೆಯ ಮೇಲೆ ಇಟ್ಟುಕೊಳ್ಳುತ್ತಲೇ. "ಸಣ್ಣಾಕಿ ಇದ್ದಾಗಿಂದ ಕೇಳೇನಿ. ಹೇಳಿಲ್ಲ. ಹೊತ್ತಾಕಿನ ಬಾಯಿಂದನ ಬರಬೇಕಲ್ಲ?"

"ನಾ ಹಿಂದ ಬರತೇನಿ," ಎಂದಳು ಶೆಟ್ಟೆವ್ವ. "ಒಂದೊಂದ ಸಾಲು ಮುಂದ ಮುಂದ ಹೇಳತೇನಿ. ನೀ ಅನ್ನಕೋತ ನಡಿ."

ಬುಟ್ಟಿಯ ತಳದಲ್ಲಿ ಉಳಿದಿದ್ದ ಬಾನಕ್ಕೆ ಪೂನಮ್ ತನ್ನ ಹಿಡಿ ಹಾಕಿ ಕಲಸಿದಳು. ಮಡಿವಾಳೆಪ್ಪ ಕೇಳಬೇಕಾದ್ದನ್ನು ಕೇಳಿದ: ಯಾರ ಒಲಿ? ಅವಳು ಗಂಡನ ಹೆಸರು ಹೇಳಲಿಲ್ಲ. "ಪೂನಮ್‌ಳ ಒಲಿ" ಎಂದಳು. ಯಾರೂ ತಿದ್ದಲಿಲ್ಲ, ತಿದ್ದಲು ಹೊತ್ತಿರಲಿಲ್ಲ.

ಹಿತ್ತಿಲಿಗೆ ಬರುವಷ್ಟರಲ್ಲಿ ಬಿಳಿ ತಗಡಿನ ಗೂಡಿನ ಮೂಲೆಯನ್ನು ಮುಟ್ಟಿತ್ತು. ಜೈಬುನ್ನಿಸಾ ಒಗೆಯುವ ಕಲ್ಲು ಇದ್ದ ಜಾಗದ ಈಚೆಯಿಂದ ಶುರುಮಾಡಿದಳು. ಶೆಟ್ಟೆವ್ವ ಅವಳ ಬೆನ್ನ ಹಿಂದೆಯೇ ನಡೆದು ಮೊದಲ ಸಾಲು ಹೇಳಿದಳು. ಜೈಬುನ್ನಿಸಾ ಅದನ್ನು ಹೇಳಿ ಹಿಡಿ ಚೆಲ್ಲಿದಳು. ಎರಡನೆಯ ಸಾಲು. ಬಾನ ಬಿದ್ದಲ್ಲಿ ಎರೆಮಣ್ಣು ಮತ್ತೆ ಕಪ್ಪಾಯಿತು. ಅವರ ಪಕ್ಕದಲ್ಲಿ, ಕೈ ಚಾಚಿದರೆ ಸಿಗುವಷ್ಟರಲ್ಲಿ, ಬಿಳಿ ಅಲುಗಾಡದೆ ನಿಂತು ನೋಡುತ್ತಿದ್ದ ಹಾಗಿತ್ತು.

ಗೂಡಿನ ಮೂಲೆಗೆ ಬಂದಾಗ ಶೆಟ್ಟೆವ್ವ ಮೂರನೆಯ ಸಾಲು ಹೇಳಿದಳು. ತನ್ನ ದನಿ ತನಗೇ ಕೇಳಿಸಲಿಲ್ಲ.

ಜೈಬುನ್ನಿಸಾ ನಿಂತಳು. ಹಿಂದೆ ನೋಡಿದಳು. ಅವಳ ತುಟಿ ಅಲುಗಿತು, ಏನು ಎಂದು ಕೇಳಿದಳೆಂದು ಕಾಣುತ್ತದೆ, ಅದೂ ಕೇಳಿಸಲಿಲ್ಲ. ಬಿಳಿಯ ಹತ್ತಿರ ಸದ್ದು ಮೊದಲು ಹೋಗುತ್ತದೆ ಎಂದು ಶೆಟ್ಟೆವ್ವನಿಗೆ ಗೊತ್ತಿತ್ತು, ಆದರೆ ಪದವೇ ಹೋಗುತ್ತದೆ ಎಂದು ಗೊತ್ತಿರಲಿಲ್ಲ. ಹುಟ್ಟಿದಾಗಿನಿಂದ ಯಾರೋ ಒಬ್ಬರು ಹಾಡುವುದನ್ನು, ಓದುವುದನ್ನು, ಬೀಸುತ್ತ ಗುನುಗುವುದನ್ನು ಕೇಳುತ್ತಲೇ ಬೆಳೆದ ಕಿವಿ ಅದು. ಈಗ ಅದರೊಳಗೆ ಏನೂ ಇರಲಿಲ್ಲ. ಒಂದು ಗಳಿಗೆ ಅವಳಿಗೆ ದೇವರ ಹೆಸರೂ ನೆನಪಾಗಲಿಲ್ಲ. ಕೆಳಗೆ ನೋಡಿದಳು. ತನ್ನ ನೆರಳು ಪಾದದ ಹತ್ತಿರ ನೀರಿನ ಹಾಗೆ ತೆಳ್ಳಗಾಗುತ್ತಿತ್ತು.

ಅವಳು ಜೈಬುನ್ನಿಸಾಳ ಬೆನ್ನ ಮೇಲೆ ಅಂಗೈ ಇಟ್ಟಳು. ಮಠದಲ್ಲಿ ತಾಳ ಹಾಕುವ ಹಾಗೆ ತಟ್ಟಿದಳು. ಹಿಡಿಯೊಳಗ, ಊರೈತಿ, ಊರೊಳಗ, ಹಿಡಿಯೈತಿ. ಆ ಸಾಲಿನ ನಡಿಗೆ ಬೇರೆ ಯಾವ ಸಾಲಿಗೂ ಇಲ್ಲ. ಎರಡು ಪೆಟ್ಟು, ಒಂದು ಬಿಡುವು, ಮತ್ತೆ ಎರಡು ಪೆಟ್ಟು. ಒಂದು ಸಲ ತಟ್ಟಿದಳು. ಜೈಬುನ್ನಿಸಾ ಅಲುಗಲಿಲ್ಲ. ಇನ್ನೊಂದು ಸಲ, ಗಟ್ಟಿಯಾಗಿ, ಮಗುವಿಗೆ ಹೊಡೆದ ಹಾಗೆ ತಟ್ಟಿದಳು. ಆ ಬೆನ್ನು ಒಮ್ಮೆ ನೆಟ್ಟಗಾಯಿತು. ಚಿಕ್ಕಂದಿನಿಂದ ಹೊಲದ ದಂಡೆಯಲ್ಲಿ ನಿಂತು ಕೇಳಿದ್ದು ಅದರ ಒಳಗೆಲ್ಲೋ ಇದ್ದಿರಬೇಕು. ಜೈಬುನ್ನಿಸಾಳ ದವಡೆ ಆಡಿತು. ಕೈ ಬುಟ್ಟಿಗೆ ಹೋಯಿತು, ಹಿಡಿ ಚೆಲ್ಲಿತು.

ಶೆಟ್ಟೆವ್ವ ತಟ್ಟುತ್ತ ನಡೆದಳು. ಇನ್ನೊಬ್ಬಳು ಚೆಲ್ಲುತ್ತ ನಡೆದಳು. ಪದದ ಕೊನೆಯ ಸಾಲಿಗೆ ಬಂದಾಗ ಗೂಡಿನ ಅರ್ಧ ಹಿಟ್ಟಾಗಿ ಹೋಗಿತ್ತು, ಉಳಿದ ಅರ್ಧದ ಈಚೆಗೆ ಬಾನ ಬಿತ್ತು. ಆಗ ಎಲ್ಲಿಂದಲೋ, ನೀರಿನ ಅಡಿಯಿಂದ ಎದ್ದುಬಂದ ಹಾಗೆ, ಒರಟು ದನಿಯೊಂದು ಕಿವಿಗೆ ಬಿತ್ತು: "ಕರಿಮಣ್ಣ ತಾಯೇ, ಕದವ ಹಾಕೇ." ಜೈಬುನ್ನಿಸಾಳ ದನಿ. ತಾಳ ತುಸು ತಪ್ಪಿತ್ತು.

ಅಗಸಿಯ ಕಂಬದ ನೆರಳು ಬುಡದೊಳಗೆ ಹೋಯಿತು. ಊರಿನ ಪ್ರತಿಯೊಬ್ಬರೂ ತಮ್ಮ ತಮ್ಮ ನೆರಳಿನ ಮೇಲೆಯೇ ನಿಂತಿದ್ದರು. ಯಾರೂ ಕಾಲೆತ್ತಲಿಲ್ಲ. ಬಿಳಿ ಗೆರೆಯ ಮೇಲೆ ಎದೆಮಟ್ಟ ಎದ್ದು ನಿಂತಿತು, ಒಳಗೆ ಬಾಗಿತು, ತಡೆಯಿತು. ಆಮೇಲೆ ಕಂಬದ ಇನ್ನೊಂದು ಬದಿಯಲ್ಲಿ ಎಳ್ಳಿನಷ್ಟು ಕಪ್ಪು ಇಣುಕಿತು.

"ನಡೀರಿ, ಉಣ್ರಿ," ಎಂದ ಮಡಿವಾಳೆಪ್ಪ. ಗಂಟೆಯನ್ನು ಕೆಳಗಿಡಲು ಹೋದವನು ಅದರ ಪಕ್ಕದಲ್ಲೇ ಕುಳಿತುಬಿಟ್ಟ.

ಮನೆಗೆ ಬಂದಾಗ ಯಶೋಧಾ ನಡುಮನೆಯಲ್ಲಿ ತಾಟು ಹಾಕಿದ್ದಳು. "ಅತ್ತಿ, ಬರ್ರಿ. ಬೆಳಗಿನಿಂದ ಬಾಯಾಗ ಹನಿ ನೀರು ಹಾಕಿಲ್ಲ ನೀವು." ಹಿತ್ತಿಲ ಬಾಗಿಲಲ್ಲಿ ಪೂನಮ್ ನಿಂತಿದ್ದಳು. ಅವಳು ಕರೆಯಲಿಲ್ಲ. ಅವಳ ಕೈಯಲ್ಲೂ ಒಂದು ತಾಟಿತ್ತು. ವಿರೂಪಾಕ್ಷ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ನಿದ್ದೆ ಬಂದವರು ಹಾಗೆ ಉಸಿರಾಡುವುದಿಲ್ಲ.

ಶೆಟ್ಟೆವ್ವನ ಹೊಟ್ಟೆ ಬೆನ್ನಿಗೆ ಹತ್ತಿತ್ತು. ಮುಂದಿನ ತಾಟಿಗೆ ಕುಳಿತರೆ ಹಿಂದಿನ ತಾಟು ಎದ್ದು ಕಿತ್ತೂರಿನ ಬಸ್ಸು ಹತ್ತೀತು. ಹಿಂದಿನದಕ್ಕೆ ಕುಳಿತರೆ ದೊಡ್ಡ ಮಗ ಇನ್ನು ಈ ಜನ್ಮದಲ್ಲಿ ತಮ್ಮನ ಮುಖ ನೋಡಲಿಕ್ಕಿಲ್ಲ. ಅವಳು ಇಬ್ಬರನ್ನೂ ದಾಟಿ ಅಂಗಳಕ್ಕೆ ಬಂದಳು. ಮನೆ ಕಟ್ಟಿ ಉಳಿದ ಕಲ್ಲುಗಳು ಒಂದೆಡೆ ಬಿದ್ದಿದ್ದವು. ಮೂರನ್ನು ಆರಿಸಿ, ಚಪ್ಪರದ ಕೆಳಗೆ ಹೂಡಿದಳು.

"ಯಶೋಧಾ, ಒಂದು ಸೇರು ಹಿಟ್ಟು ಕೊಡವಾ. ಪೂನಮ್, ನಿನ್ನ ಕಡೆ ಹಂಚು ಐತಲ್ಲ, ತಾ."

"ಅತ್ತಿ, ಇದೇನ್ರಿ? ಮಂದಿ ಏನಂತಾರ," ಎಂದಳು ಯಶೋಧಾ.

"ಎಲ್ಲಿ ಉಂಡರೂ ನಿಮ್ಮಿಬ್ಬರೊಳಗ ಒಬ್ಬಾಕಿ ಅಳತೀರಿ. ನನ್ನ ರೊಟ್ಟಿ ನಾ ಬಡಕೋತೇನಿ. ಹಿಟ್ಟು ತಾ ಮೊದಲ, ಕಣ್ಣು ಕತ್ತಲಿ ಬರಾಕ ಹತ್ತೈತಿ."

ಬೆಂಕಿ ಹಿಡಿಯಲು ಹೊತ್ತಾಯಿತು. ಕಾಡಪ್ಪ ಓಣಿಯಲ್ಲಿ ಹೋಗುತ್ತಿದ್ದವನು ನಿಂತ. ಬೆಳಿಗ್ಗೆ ಆಡಿದ್ದರ ಬಗ್ಗೆ ಏನೋ ಹೇಳಲು ಬಂದವನ ಹಾಗಿದ್ದ. ಒಲೆ ನೋಡಿ ಮಾತು ಬೇರೆಯಾಯಿತು.

"ಶೆಟ್ಟೆವ್ವಕ್ಕ, ಮತ್ತೊಂದು ಒಲಿ ಆತಲ್ಲ ಇದು. ಮುಂದಿನ ಸಲ ಬುಟ್ಟಿ ಭಾರ ಆಗತೈತಿ."

"ಹೊರಾಕಿ ಜೈಬುನ. ನಿನಗೇನು ತ್ರಾಸು?"

ಅವನು ತಲೆ ಕೆರೆದುಕೊಂಡು ಹೋದ. ಮೊದಲ ರೊಟ್ಟಿ ಒಂದು ಬದಿ ಸೀದುಹೋಯಿತು. ಹಂಚು ಹೊಸದು, ಕಾಯುವುದು ಗೊತ್ತಾಗುತ್ತಿರಲಿಲ್ಲ. ಶೆಟ್ಟೆವ್ವ ಅದನ್ನು ಮುರಿದು ಬಾಯಿಗೆ ಹಾಕಿಕೊಂಡು, ಎರಡನೆಯದಕ್ಕೆ ಹಿಟ್ಟು ನಾದತೊಡಗಿದಳು. ಅಷ್ಟರಲ್ಲಿ ಒಳಗಿನಿಂದ ವಿರೂಪಾಕ್ಷ ಎದ್ದುಬಂದು ಹೊಸ್ತಿಲ ಮೇಲೆ ಕುಳಿತ. ಹಸಿದಿದ್ದನೋ ಸಿಟ್ಟಾಗಿದ್ದನೋ, ಅವಳು ತಿರುಗಿ ನೋಡಲಿಲ್ಲ. ಎರಡನೆಯ ರೊಟ್ಟಿಯನ್ನು ತುಸು ದೊಡ್ಡದಾಗಿಯೇ ಬಡಿದಳು.